ಮೀನಿಗೂ ಒಂದು ಮಡು ಬಿಡಿ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಅಮೆರಿಕದ ಮಿನೆಸೋಟಾ ರಾಜ್ಯದಿಂದ ಮಾತಾಡುತ್ತಿದ್ದೇನೆ. ಇವತ್ತು ಗಾಳದ ರೀಲ್ ಬಿಚ್ಚಿ ಎಣ್ಣೆ ಹಾಕೋದು ಹೇಗೆ ಅಂತ ತೋರಿಸಬೇಕಿತ್ತು. ಅದನ್ನು ಮುಂದಿನ ವಾರಕ್ಕೆ ಇಟ್ಟಿದ್ದೇನೆ. ಯಾಕೆ ಅಂದ್ರೆ, ಹೋದ ಎಪಿಸೋಡಿನಲ್ಲಿ ಲೈವ್ ಸೋನಾರ್ ಬೇಡ ಅಂದಿದ್ದೆ. ನೀರೊಳಗಿನ ಮೀನನ್ನು ಆ ಕ್ಷಣವೇ ಸ್ಕ್ರೀನಿನಲ್ಲಿ ತೋರಿಸುವ ಯಂತ್ರ ಅದು. ಅದರ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: "ಅಣ್ಣಾ, ಲೈವ್ ಸೋನಾರ್ ತಗೊಳ್ಳೋಕೆ ನಿಮಗೆ ದುಡ್ಡಿಲ್ಲ, ಅದಕ್ಕೇ ಹೊಟ್ಟೆಕಿಚ್ಚು. ಹಿಡಿದ ಮೀನನ್ನು ವಾಪಸ್ ಬಿಡುತ್ತೇವೆ. ನಿಮಗೇನು ನಷ್ಟ?"

ಮೂರು ದಿನದಿಂದ ಈ ಮಾತು ತಲೆಯಲ್ಲೇ ಕೂತಿದೆ. ನಷ್ಟ ಏನು ಅಂತ ಹೇಳುತ್ತೇನೆ, ಪೂರ್ತಿ ಕೇಳಿ.

ಮೊದಲ ಸಲ ಬಂದವರಿಗೆ ಎರಡು ಮಾತು. ಮಸ್ಕಿ, ಅಂದ್ರೆ ಮಸ್ಕೆಲಂಜ್, ಪೈಕ್ ಅನ್ನುವ ಮೀನುಗಳ ಕುಟುಂಬದಲ್ಲೇ ಅತಿ ದೊಡ್ಡದು. ಹೆಸರು ಬಂದದ್ದು ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಿಂದ. ಬಾತುಕೋಳಿಯ ಕೊಕ್ಕಿನ ಹಾಗೆ ಚಪ್ಪಟೆ ಮೂತಿ, ಬಾಯಿ ತುಂಬ ಸೂಜಿ ಹಲ್ಲು. ಕಾಡಿಗೆ ಹುಲಿ ಹೇಗೋ ಈ ಕೆರೆಗಳಿಗೆ ಮಸ್ಕಿ ಹಾಗೆ. ಒಳ್ಳೆಯ ಕೆರೆಯಲ್ಲೂ ಎಕರೆಗೊಂದು ದೊಡ್ಡ ಮಸ್ಕಿ ಸಿಗುವುದಿಲ್ಲ. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಮಸ್ಕಿ ಅಂತ ಇಲ್ಲಿನವರು ಹೇಳುತ್ತಾರೆ. ಮಿನೆಸೋಟಾದ ಬಹುಪಾಲು ಕೆರೆಗಳಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಮನೆಗೆ ಒಯ್ಯುವ ಹಾಗಿಲ್ಲ. 54 ಇಂಚು ಅಂದ್ರೆ ನಾಲ್ಕೂವರೆ ಅಡಿ! ಹೆಣ್ಣು ಮಸ್ಕಿ 50 ಇಂಚು ಮುಟ್ಟೋಕೇ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕು. ಒಂದು ಸತ್ತರೆ ಅದರ ಜಾಗಕ್ಕೆ ಇನ್ನೊಂದು ನಾಳೆಯೇ ಬರುವುದಿಲ್ಲ.

ಈಗ ಜುಲೈ ತಿಂಗಳ ಕತೆ. ಮಿಲ್ ಲ್ಯಾಕ್ಸ್ ಕೆರೆಗೆ ಹೋಗಿದ್ದೆ. ಸಮುದ್ರದ ಹಾಗಿದೆ, ಆಚೆ ದಡ ಕಾಣುವುದಿಲ್ಲ. ಅವತ್ತು ನೀರಿನ ಬಿಸಿ 80 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು, ನಮ್ಮ ಲೆಕ್ಕದಲ್ಲಿ 27 ಸೆಲ್ಸಿಯಸ್ ಹತ್ತಿರ. ಆ ಬಿಸಿಯಲ್ಲಿ ತಿಳಿದವರು ಮಸ್ಕಿಗೆ ಗಾಳ ಹಾಕುವುದಿಲ್ಲ. ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ, ಗುದ್ದಾಡಿ ಸುಸ್ತಾದ ಮೀನು ಚೇತರಿಸಿಕೊಳ್ಳುವುದು ಕಷ್ಟ. ನಾನು ದಡದ ಕಲ್ಲುಗಳ ಹತ್ತಿರ ಬಾಸ್ ಅನ್ನುವ ಬೇರೆ ಮೀನು ಹಿಡಿಯುತ್ತಿದ್ದೆ. ಬೆಳಗ್ಗೆ ಕೆರೆ ನಡುವೆ ಒಂದು ದೋಣಿ ನೋಡಿದ್ದೆ. ಮುಂದುಗಡೆ ಸಾಲಾಗಿ ಮೂರು ಸ್ಕ್ರೀನ್. ಇಬ್ಬರೂ ನೀರಿನ ಕಡೆ ತಲೆ ಎತ್ತಲಿಲ್ಲ, ಗಾಳವನ್ನೂ ಎಸೆಯಲಿಲ್ಲ. ಮೋಟಾರ್ ಮೆಲ್ಲಗೆ ತಿರುಗಿಸುತ್ತಾ ಸ್ಕ್ರೀನ್ ನೋಡುತ್ತಿದ್ದರು, ಅಷ್ಟೇ.

ಮಧ್ಯಾಹ್ನ ವಾಪಸ್ ಬರುವಾಗ ಅದೇ ಕಡೆ ನೀರಿನ ಮೇಲೆ ಬೆಳ್ಳಗೆ ಏನೋ ತೇಲುತ್ತಿತ್ತು. ಹತ್ತಿರ ಹೋದರೆ ಮಸ್ಕಿ, ಹೊಟ್ಟೆ ಮೇಲಾಗಿ ಬಿದ್ದಿತ್ತು. ಒಂದು ಕಡೆಯ ಈಜುರೆಕ್ಕೆ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು. ಬಾಯಿಯ ಅಂಚಿನಲ್ಲಿ ಕೊಕ್ಕೆ ಚುಚ್ಚಿದ ಹಸಿ ಗಾಯ. ದೋಣಿಯ ಪಕ್ಕಕ್ಕೆ ಬಾಗಿ ಬಾಲದ ಬುಡ ಹಿಡಿದು, ಇನ್ನೊಂದು ಕೈ ಹೊಟ್ಟೆ ಕೆಳಗೆ ಕೊಟ್ಟು, ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡೆ. ಕಿವಿರು ತೆರೆದು ಮುಚ್ಚುತ್ತಿತ್ತು, ತೆರೆದು ಮುಚ್ಚುತ್ತಿತ್ತು. ಕೈ ಸಡಿಲ ಬಿಟ್ಟರೆ ಮತ್ತೆ ಮಗುಚುತ್ತಿತ್ತು. ನಲವತ್ತು ನಿಮಿಷ ಹಾಗೇ ಇದ್ದೆ. ಆಮೇಲೆ ಕಿವಿರು ನಿಂತಿತು. ಆ ಲೋಳೆ ವಾಸನೆ ಎರಡು ದಿನ ಕೈಯಿಂದ ಹೋಗಲಿಲ್ಲ.

ಅದೂ ಯಾರೋ "ವಾಪಸ್ ಬಿಟ್ಟ" ಮೀನೇ, ಅಲ್ವಾ?

ನಾನು ತೀರ್ಥಹಳ್ಳಿ ಕಡೆಯವನು. ಬೇಸಿಗೆಯಲ್ಲಿ ತುಂಗೆ ಬತ್ತಿ ಬಂಡೆ ಎದ್ದಾಗ ಮೀನೆಲ್ಲ ಮಡು ಸೇರುತ್ತವೆ. ಮಡು ಅಂದ್ರೆ ಹೊಳೆಯ ಆಳದ ಜಾಗ. ಮೇಲಿಂದ ಕಪ್ಪಗೆ ಕಾಣುತ್ತದೆ, ಒಳಗೆ ಏನಿದೆ ಯಾರಿಗೂ ತಿಳಿಯುವುದಿಲ್ಲ. ನಮ್ಮ ದೊಡ್ಡಪ್ಪ ಮೀನಿನ ಹುಚ್ಚಿನವರು. ಮೊದಲ ಮಳೆಗೆ ಹತ್ತುಮೀನು, ಅಂದ್ರೆ ಹೊಳೆಯಿಂದ ಗದ್ದೆ ಕಡೆ ಹತ್ತಿ ಬರುವ ಮೀನು, ಹಿಡಿಯೋಕೆ ರಾತ್ರಿಯಿಡೀ ಗದ್ದೆ ಬದುವಿನ ಮೇಲೆ ಇರುತ್ತಿದ್ದರು. ಅಂಥವರು ಕೂಡ ಬೇಸಿಗೆಯ ಮಡುವಿಗೆ ಬಲೆ ಬಿಡುತ್ತಿರಲಿಲ್ಲ. "ಅದು ಅವುಗಳ ಮನೆ ಕಣೋ, ಅಲ್ಲಿಗೆ ಹೋಗಬಾರದು" ಅನ್ನುತ್ತಿದ್ದರು. ಶೃಂಗೇರಿಗೆ ಹೋದವರಿಗೆ ಗೊತ್ತು. ಮಠದ ಮೆಟ್ಟಿಲ ಹತ್ತಿರ ಮಂಡಕ್ಕಿ ಹಾಕಿದರೆ ತೊಡೆ ಗಾತ್ರದ ಮೀನು ಕಾಲ ಹತ್ತಿರ ಬರುತ್ತವೆ. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ, ಅದಕ್ಕೇ ಅಷ್ಟು ದೊಡ್ಡವಾಗಿವೆ.

ಮಸ್ಕಿಗೆ ಕೆರೆಯ ನಡುನೀರೇ ಮಡು. ಇದೇ ನನ್ನ ಮಾತು. ಇವತ್ತು ಇದನ್ನು ಎಷ್ಟು ಸಲ ಹೇಳುತ್ತೇನೋ ಗೊತ್ತಿಲ್ಲ.

ಹಿಂದೆಲ್ಲ ಮಸ್ಕಿ ಹಿಡಿಯುವವರು ಜೊಂಡಿನ ಅಂಚಿಗೆ, ಕಲ್ಲು ದಿಬ್ಬಕ್ಕೆ ಗಾಳ ಎಸೆಯುತ್ತಿದ್ದರು. ದೋಣಿ ಪಕ್ಕ ಬಂದ ಲೂರ್ ಅನ್ನು, ಅಂದ್ರೆ ಗಾಳದ ನಕಲಿ ಮೀನನ್ನು, ನೀರಲ್ಲಿ 8ರ ಆಕಾರದಲ್ಲಿ ತಿರುಗಿಸುತ್ತಿದ್ದರು. ಹಿಂದೆ ಬಂದ ಮಸ್ಕಿ ಆಗ ಕಚ್ಚಿದರೂ ಕಚ್ಚಿತು. ಆದರೆ ದೊಡ್ಡ ಮೀನು ಎಷ್ಟೋ ದಿನ ಅಲ್ಲಿರುವುದೇ ಇಲ್ಲ. ಟಲ್ಲಿಬೀ ಅನ್ನುವ ಬೆಳ್ಳಿ ಮೀನಿನ ಹಿಂಡಿನ ಹಿಂದೆ ನಡುನೀರಿಗೆ ಹೋಗಿ ಸುಮ್ನೆ ತೇಲಿಕೊಂಡು ನಿಂತಿರುತ್ತವೆ. ಸಾವಿರಾರು ಎಕರೆ ನೀರು. ಎಲ್ಲಿ ಅಂತ ಹುಡುಕುತ್ತೀರಿ? ಆ ನೀರೇ ಅವುಗಳನ್ನು ಕಾಯುತ್ತಿತ್ತು. ಯಾವ ಕಾನೂನೂ ಬೇಕಿರಲಿಲ್ಲ.

2018ರಲ್ಲಿ ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಅನ್ನುವ ಲೈವ್ ಸೋನಾರ್ ಬಂತು, ಆಮೇಲೆ ಲೋರೆನ್ಸ್, ಹಮ್ಮಿನ್‌ಬರ್ಡ್ ಕಂಪನಿಗಳು ತಮ್ಮದನ್ನು ತಂದವು. ದೋಣಿಯನ್ನು ಮೆಲ್ಲಗೆ ನಡೆಸುವ ಸಣ್ಣ ಟ್ರೋಲಿಂಗ್ ಮೋಟಾರಿಗೆ ಟ್ರಾನ್ಸ್‌ಡ್ಯೂಸರ್ ಕಟ್ಟುತ್ತಾರೆ. ಅದು ಮುಂದಕ್ಕೆ ಶಬ್ದದ ಅಲೆ ಕಳಿಸುತ್ತದೆ, ತಾಗಿ ಬಂದದ್ದನ್ನು ಆ ಕ್ಷಣವೇ ಚಿತ್ರ ಮಾಡುತ್ತದೆ. ಮೀನು ಎಷ್ಟು ದೂರ, ಎಷ್ಟು ಆಳ, ಯಾವ ಕಡೆ ಮುಖ, ಲೂರ್ ನೋಡಿ ತಿರುಗಿತಾ ಇಲ್ಲವಾ, ಎಲ್ಲ ಸ್ಕ್ರೀನಿನಲ್ಲಿ. ಮಡುವಿನ ಕತ್ತಲೆ ಹೋಯಿತು.

"ಸೋನಾರ್ ಅಜ್ಜನ ಕಾಲದಿಂದ ಇದೆ" ಅನ್ನುತ್ತಾರೆ. ಹೌದು, 1950ರ ದಶಕದ ಕೊನೆಯಿಂದಲೂ ಇದೆ. ಆದರೆ ಅದು ತೋರಿಸುತ್ತಿದ್ದದ್ದು ದೋಣಿಯ ಕೆಳಗೆ ಆಗಲೇ ದಾಟಿಹೋದದ್ದನ್ನು. ಗೋಡೆಯ ಮೇಲಿನ ನೆರಳಿಗೂ ಎದುರು ನಿಂತ ಮನುಷ್ಯನಿಗೂ ಇರುವಷ್ಟು ವ್ಯತ್ಯಾಸ ಇದೆ.

"ಕಂಡರೂ ಕಚ್ಚುವುದಿಲ್ಲ ಅಣ್ಣಾ" ಅನ್ನುವವರೂ ಇದ್ದಾರೆ. ಕಚ್ಚದಿದ್ದರೆ ಸಾವಿರಾರು ಡಾಲರ್ ಯಾಕೆ ಸುರಿಯುತ್ತೀರಿ? ಆ ಮಾತನ್ನು ನೀವೇ ನಂಬುವುದಿಲ್ಲ!

ಇನ್ನು ಪೈಕ್. ಪೈಕ್ ಸಾಕಷ್ಟಿವೆ, ಅದಕ್ಕೇನಂತೆ ಅನ್ನಬೇಡಿ. ಸಾಕಷ್ಟಿರುವುದು ಸಣ್ಣವು. ಅದಕ್ಕೇ ಈ ರಾಜ್ಯ 2018ರಲ್ಲಿ ನಿಯಮ ಬದಲಿಸಿತು. ಉತ್ತರ-ಮಧ್ಯ ಭಾಗದಲ್ಲಿ ಹತ್ತು ಪೈಕ್ ಒಯ್ಯಬಹುದು. ಆದರೆ 22ರಿಂದ 26 ಇಂಚಿನವನ್ನು ಬಿಡಲೇಬೇಕು, 26 ದಾಟಿದವು ಎರಡೇ. ಸಣ್ಣವನ್ನು ತಿನ್ನಿ, ದೊಡ್ಡವನ್ನು ಉಳಿಸಿ ಅಂತ. ದೊಡ್ಡ ಪೈಕ್‌ಗೆ ಬೇಸಿಗೆಯಲ್ಲಿ ತಂಪು ಬೇಕು, ಆಳಕ್ಕೆ ಇಳಿಯುತ್ತದೆ. ಅದಕ್ಕೂ ಅದೇ ಮಡು. ಅಲ್ಲಿಗೂ ಅದೇ ಸ್ಕ್ರೀನ್.

ಒಂದು ನಿಮಿಷ. ಇಲ್ಲಿವರೆಗೆ ಕೇಳಿದವರು ಸಬ್‌ಸ್ಕ್ರೈಬ್ ಮಾಡಿ. ಕನ್ನಡದಲ್ಲಿ ಸಿಹಿನೀರಿನ ಮೀನಿನ ಬಗ್ಗೆ ಮಾತಾಡುವವರು ಕಮ್ಮಿ, ನೀವು ಜೊತೆಗಿದ್ದರೆ ನನಗೆ ಧೈರ್ಯ. ಕೊಕ್ಕೆ ಬೇಗ ತೆಗೆಯೋಕೆ ಬೋಲ್ಟ್ ಕಟ್ಟರ್ ಬಳಸುವ ವಿಡಿಯೋ ಹೋದ ತಿಂಗಳು ಹಾಕಿದ್ದೇನೆ. ಗಾಳ ಹಾಕುವ ಪ್ರತಿಯೊಬ್ಬರೂ ಅದನ್ನು ನೋಡಲೇಬೇಕು.

ಸರಿ, ಮಡುವಿಗೆ ವಾಪಸ್ ಬರೋಣ. ತಂತ್ರಜ್ಞಾನ ತಡೆಯೋಕೆ ಆಗಲ್ಲ ಅನ್ನುತ್ತೀರಾ? ಆಗುತ್ತದೆ. ಈ ರಾಜ್ಯದಲ್ಲಿ ಬಹುಪಾಲು ಕಡೆ ತೆರೆದ ನೀರಲ್ಲಿ ಒಬ್ಬರಿಗೆ ಒಂದೇ ಗಾಳ. ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದು ಪೈಕ್‌ಗೆ ಭರ್ಜಿ ಎಸೆಯಬಹುದು, ಮಸ್ಕಿಗೆ ಎಸೆಯುವ ಹಾಗಿಲ್ಲ. ಯಾರೋ ಕೂತು ಯೋಚಿಸಿ ಬೇಡ ಅಂದದ್ದಕ್ಕೇ ಈ ನಿಯಮಗಳು ಬಂದವು. ದುಡ್ಡಿನ ಬಾಸ್ ಪಂದ್ಯಗಳಲ್ಲೇ 2025ರಿಂದ ಲೈವ್ ಸೋನಾರ್‌ಗೆ ಕಡಿವಾಣ ಬಿದ್ದಿದೆ. ಆ ವರ್ಷ ಒಂದು ದೊಡ್ಡ ಸರಣಿಯಲ್ಲಿ ದೋಣಿಗೆ ಒಂದೇ ಟ್ರಾನ್ಸ್‌ಡ್ಯೂಸರ್ ಅಂತ ಮಾಡಿದರು. ಇನ್ನೊಂದರಲ್ಲಿ ದಿನದ ಮೂರು ಪಾಳಿಗಳಲ್ಲಿ ಒಂದರಲ್ಲಿ ಮಾತ್ರ ಬಳಸಬಹುದಿತ್ತು. ಲಕ್ಷಗಟ್ಟಲೆ ಡಾಲರ್ ಬಹುಮಾನ ಇರುವ ಕಡೆಯೇ ಸಾಧ್ಯ ಆಗಿದೆ, ಭಾನುವಾರ ಮಜಕ್ಕೆ ಹೋಗುವ ನಮಗೆ ಆಗುವುದಿಲ್ಲವಾ?

ಲೈವ್‌ಸ್ಕೋಪ್ ಬಂದ ಅದೇ 2018ರಲ್ಲಿ ನಮ್ಮ ಕಾವೇರಿಯ ಡುಬ್ಬದ ಮಹಶೀರ್ ಮೀನಿನ ಹೆಸರು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಅದಕ್ಕೆ ಸೋನಾರ್ ಕಾರಣ ಅಲ್ಲ. ಅಣೆಕಟ್ಟು, ಸಿಡಿಮದ್ದು, ಹೊರಗಿಂದ ತಂದು ಬಿಟ್ಟ ಬೇರೆ ಮಹಶೀರ್, ಹೀಗೆ ಹಲವು ಇವೆ. ಆದರೆ ಅಲ್ಲೂ ಎಷ್ಟೋ ಜನ ಹೊಳೆಯಲ್ಲಿ ಮೀನು ಬೇಕಾದಷ್ಟಿದೆ ಅಂದುಕೊಂಡೇ ಇದ್ದರು. ನನಗೆ ಆ ಭಯ. ಒಂದು ಹೊಳೆಯ ದೊಡ್ಡ ಮೀನು ಹೋಗುವುದನ್ನು ನೋಡಿದ್ದೇನೆ, ಇನ್ನೊಂದು ಕಡೆ ನೋಡೋಕೆ ಆಗಲ್ಲ.

ಹೊಟ್ಟೆಕಿಚ್ಚು ಅಂದರಲ್ಲ ತಮ್ಮಾ, ನನ್ನ ಸ್ನೇಹಿತರ ದೋಣಿಯಲ್ಲಿ ಆ ಸ್ಕ್ರೀನ್ ಇದೆ. ಒಂದು ದಿನ ನಾನೂ ನೋಡಿದ್ದೇನೆ. ನಡುನೀರಲ್ಲಿ ಹದಿನೈದು ಅಡಿ ಆಳಕ್ಕೆ ಒಂದು ಉದ್ದನೆಯ ಗೆರೆ, ಅಲುಗದೆ ನಿಂತಿತ್ತು. ದೋಣಿ ಹತ್ತಿರ ಹೋದಂತೆ ಮೆಲ್ಲಗೆ ತಿರುಗಿ ಆಚೆ ಹೋಯಿತು. ನಾವು ಹಿಂದೆ ಹೋದೆವು. ಮತ್ತೆ ತಿರುಗಿತು. ಮತ್ತೆ ಹೋದೆವು. ಮೂರನೇ ಸಲಕ್ಕೆ "ಸಾಕು, ಆಫ್ ಮಾಡಿ" ಅಂದೆ. ಅದು ಎಲ್ಲಿಗೆ ಹೋಗಬೇಕು ಹೇಳಿ? ಎಲ್ಲಿಗೆ ಹೋಗಬೇಕು? ಇದ್ದದ್ದೊಂದು ಮಡು!

ಬೇರೆ ಏನೇನೋ ಬರೆದುಕೊಂಡಿದ್ದೆ, ಇನ್ನೂ ಎರಡು ಹಾಳೆ ಇದೆ. ಓದುವುದಿಲ್ಲ. ಮಡು ಬಿಡಿ, ಅಷ್ಟೇ. ಬಿಸಿ ನೀರಲ್ಲಿ ಮಸ್ಕಿಗೆ ಗಾಳ ಬೇಡ, ನಡುನೀರಿಗೆ ಸ್ಕ್ರೀನ್ ಬೇಡ. ಆ ಕಾಮೆಂಟ್ ಹಾಕಿದ ತಮ್ಮನಿಗೂ ಹೇಳುತ್ತಿದ್ದೇನೆ, ಸಿಟ್ಟಿಲ್ಲ. ಈ ಶನಿವಾರ ಬೆಳಗ್ಗೆ ಐದೂವರೆಗೆ ಲೀಚ್ ಲೇಕ್ ಹತ್ತಿರ ವಾಕರ್ ಊರಿಗೆ ಬನ್ನಿ. ನೀರು ಈಗ ತಣ್ಣಗಾಗಿದೆ. ಮುಂದುಗಡೆ ಸೀಟು ನಿಮ್ಮದು, ಚಿತ್ರಾನ್ನ ನಾನು ತರುತ್ತೇನೆ. ಜೊಂಡಿನ ಅಂಚಿಗೆ ಸಂಜೆವರೆಗೂ ಎಸೆಯೋಣ.