ಎರಡು ಮಳೆಗಳ ನಡುವೆ

ಸಭಾಪಾಲಕರೇ, ಸಹೋದರ ಸಹೋದರಿಯರೇ,

ಕ್ರಿಸ್ಮಸ್ಸಿಗೆ ಮುನ್ನ ಬರುವ ಆಗಮನ ಕಾಲದ ಈ ದಿನಗಳಲ್ಲಿ ಕಾಯುವಿಕೆಯ ಕುರಿತು ಮಾತಾಡಲು ನಾನು ಆರಿಸಿಕೊಂಡಿರುವುದು ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವನ್ನು. ಕರ್ತನು ಬರುವ ತನಕ ತಾಳ್ಮೆಯಿಂದಿರಿ ಎನ್ನುವ ಯಾಕೋಬನು ಅದಕ್ಕೆ ಮಾದರಿಯಾಗಿ ಮೊದಲು ತೋರಿಸುವುದು ಪ್ರವಾದಿಯನ್ನಲ್ಲ, ಮುಂಗಾರು ಹಿಂಗಾರು ಮಳೆಗಳಿಗಾಗಿ ಕಾದಿರುವ ಬೇಸಾಯಗಾರನನ್ನು.

ಈ ಎರಡು ಪದಗಳು ನಮ್ಮ ಬೈಬಲಿನಲ್ಲಿ ಎಷ್ಟು ಸಹಜವಾಗಿ ಕೂತಿವೆಯೆಂದರೆ, ಅವುಗಳ ಹಿಂದಿರುವ ಒಂದು ವ್ಯತ್ಯಾಸ ನಮ್ಮ ಗಮನಕ್ಕೇ ಬರುವುದಿಲ್ಲ. ನಮ್ಮಲ್ಲಿ ಮುಂಗಾರಿನ ಬೆಳೆ ಬೇರೆ, ಹಿಂಗಾರಿನ ಬೆಳೆ ಬೇರೆ. ಒಂದು ಕೈಕೊಟ್ಟರೆ ಇನ್ನೊಂದನ್ನು ನೆಚ್ಚಿಕೊಳ್ಳಬಹುದು. ಪ್ಯಾಲೆಸ್ತೀನಿನಲ್ಲಾದರೋ ಒಂದೇ ಬೆಳೆಗೆ ಎರಡೂ ಮಳೆ ಬೇಕು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬೀಳುವ ಮೊದಲ ಮಳೆ ಬೇಸಿಗೆಯಲ್ಲಿ ಕಲ್ಲಾಗಿದ್ದ ನೆಲವನ್ನು ಉಳುಮೆಗೆ ಹದಗೊಳಿಸಿದರೆ, ಮಾರ್ಚ್, ಏಪ್ರಿಲ್ ಹೊತ್ತಿಗೆ ಬರುವ ಕೊನೆಯ ಮಳೆಯಿಂದ ತೆನೆಯಲ್ಲಿ ಕಾಳು ಕಟ್ಟುತ್ತದೆ. ಅಂದರೆ ಈ ಬೇಸಾಯಗಾರನು ಬರಿಗೈಯಲ್ಲಿ ಕೂತು ಕಾಯುತ್ತಿಲ್ಲ. ಒಂದು ಮಳೆಯ ಕೃಪೆಯನ್ನು ಆಗಲೇ ಪಡೆದು, ಮನೆಯಲ್ಲಿದ್ದ ಬೀಜವನ್ನು ಮಣ್ಣಿಗೆ ಒಪ್ಪಿಸಿದವನು ಅವನು. ಬೆತ್ಲೆಹೇಮಿನಲ್ಲಿ ಹುಟ್ಟಿ ಬಂದ ಯೇಸುವನ್ನು ನಂಬಿ, ಮತ್ತೆ ಬರುವ ಅವನಿಗಾಗಿ ಎದುರುನೋಡುವ ನಮ್ಮ ಬದುಕೂ ಈ ಎರಡು ಮಳೆಗಳ ನಡುವಿನದೇ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಸಹಿಸಿಕೊಳ್ಳಿ ಎಂಬ ಬೋಧನೆಯನ್ನು ಬಡವರ ಬಾಯಿ ಮುಚ್ಚಿಸಲು ಬಳಸಿದವರುಂಟು. ಯಾಕೋಬನು ಹಾಗೆ ಮಾಡಲಿಲ್ಲ. ತಾಳ್ಮೆಯ ಮಾತೆತ್ತುವ ಮೊದಲೇ ಅವನು ಐಶ್ವರ್ಯವಂತರನ್ನು ಗದರಿಸುತ್ತಾನೆ: ಹೊಲ ಕೊಯ್ದವರಿಗೆ ನೀವು ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತಿದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಎನ್ನುತ್ತಾನೆ. ತಾಳ್ಮೆಗೆ ಅವನು ಹೆಸರಿಸುವ, ಎಲ್ಲವನ್ನೂ ಕಳೆದುಕೊಂಡ ಯೋಬನಾದರೂ ಮೌನಿಯಾಗಿದ್ದವನಲ್ಲ. ಬೂದಿಯಲ್ಲಿ ಕೂತು, ಹುಟ್ಟಿದ ದಿನವನ್ನು ಶಪಿಸಿ, ದೇವರನ್ನೇ ಪ್ರಶ್ನಿಸಿದವನು. ಆದರೂ ಅವನು ದೇವರ ಕಡೆಯಿಂದ ಮುಖ ತಿರುಗಿಸಲಿಲ್ಲ. ಪ್ರಶ್ನೆಯನ್ನು ಕೇಳಬೇಕಾದವನನ್ನೇ ಕೇಳುತ್ತ ಅಲ್ಲೇ ನಿಂತಿರುವುದನ್ನು ಯಾಕೋಬನು ತಾಳ್ಮೆಯೆಂದು ಕರೆದನೆಂಬುದು ನನಗೆ ದೊಡ್ಡ ಸಮಾಧಾನ.

ಅಧ್ಯಾಯದ ಕೊನೆಯಲ್ಲಿ ಮಳೆಯ ಮಾತು ಮತ್ತೆ ಬರುತ್ತದೆ, ಪ್ರವಾದಿಯಾದ ಎಲೀಯನ ಪ್ರಾರ್ಥನೆಯ ರೂಪದಲ್ಲಿ. ಆ ಪ್ರಸಂಗದ ವಿವರ ಅರಸುಗಳ ಮೊದಲನೆಯ ಪುಸ್ತಕದಲ್ಲಿದೆ. ಮಳೆ ಸುರಿಸುವೆನೆಂದು ದೇವರು ಮೊದಲೇ ಮಾತು ಕೊಟ್ಟಿದ್ದರೂ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಮೊಣಕಾಲುಗಳ ನಡುವೆ ತಲೆಯಿಟ್ಟು ಪ್ರಾರ್ಥಿಸುತ್ತಾನೆ. ಸಮುದ್ರದ ಕಡೆಗೆ ನೋಡಿ ಬಂದ ಸೇವಕನು ಏನೂ ಇಲ್ಲ ಎನ್ನುತ್ತಾನೆ. ಪ್ರವಾದಿ ಅವನನ್ನು ಮತ್ತೆ ಮತ್ತೆ ಕಳುಹಿಸುತ್ತಾನೆ. ಏಳನೆಯ ಸಲ ಕಂಡದ್ದೂ ಮಳೆಯಲ್ಲ, ಅಂಗೈಯಷ್ಟು ಚಿಕ್ಕದೊಂದು ಮೋಡ. ಅಷ್ಟನ್ನು ಕೇಳಿದ್ದೇ ಎಲೀಯನು, ಮಳೆ ನಿನ್ನ ದಾರಿಯನ್ನು ತಡೆಯುವ ಮುನ್ನ ರಥ ಹೂಡಿಕೊಂಡು ಇಳಿದು ಹೋಗೆಂದು ಅರಸನಾದ ಅಹಾಬನಿಗೆ ಹೇಳಿಕಳುಹಿಸಿದನು.