ಶಾಂತಿಗೂ ತಾಲೀಮು ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ನಂಗೀಗ 21 ವರ್ಷ. ನಾನು ಯುದ್ಧ ಬೇಡ ಅನ್ನೋನು. ಯಾವ ಯುದ್ಧಾನೂ ಬೇಡ, ನಮ್ಮ ಕಡೆಯೋರು ಗೆಲ್ಲೋ ಯುದ್ಧಾನೂ ಬೇಡ. ಇದನ್ನ ನಾಲ್ಕು ಜನರ ಮುಂದೆ ಬಾಯ್ಬಿಟ್ಟು ಹೇಳಿದ್ರೆ ಸಾಕು, ಯಾರಾದ್ರೂ ಒಬ್ರು "ಹಂಗಾದ್ರೆ ಬಳೆ ತೊಟ್ಕೊಂಡು ಮನೇಲಿ ಕೂತ್ಕೋ" ಅಂದೇ ಅಂತಾರೆ. ಮೊದಮೊದಲು ಈ ಮಾತಿಗೆ ಮೈಯೆಲ್ಲಾ ಉರೀತಿತ್ತು. ಈಗ ಉರಿಯಲ್ಲ, ಯಾಕಂದ್ರೆ ನಾನು ಯಾರನ್ನ ನೋಡಿ ಈ ದಾರಿಗೆ ಬಂದೆನೋ ಅವರಲ್ಲಿ ತುಂಬಾ ಜನ ಹೆಣ್ಮಕ್ಕಳೇ, ಅದ್ರಲ್ಲೂ ನನ್ನ ವಯಸ್ಸಿನೋರು, ಕೆಲವರಂತೂ ನನಗಿಂತ ಚಿಕ್ಕೋರು.

ಮೇರಿ ಬೆತ್ ಟಿಂಕರ್‌ಗೆ ಆಗ ಬರೀ 13 ವರ್ಷ. 1965ರ ಡಿಸೆಂಬರ್, ಅಮೆರಿಕದ ಅಯೋವಾ ರಾಜ್ಯ. ವಿಯೆಟ್ನಾಂ ಯುದ್ಧ ಜೋರಾಗ್ತಾ ಇತ್ತು. ಆ ಹುಡುಗಿ ತೋಳಿಗೊಂದು ಕಪ್ಪು ಪಟ್ಟಿ ಕಟ್ಕೊಂಡು ಸ್ಕೂಲಿಗೆ ಹೋದ್ಲು, ಸತ್ತೋರಿಗೋಸ್ಕರ, ಎರಡೂ ಕಡೆ ಸತ್ತೋರಿಗೋಸ್ಕರ. ಈ 'ಎರಡೂ ಕಡೆ' ಅನ್ನೋದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಮುಂದಕ್ಕೆ ಓದಲೇ ಇಲ್ಲ. ಸ್ಕೂಲಿನೋರು ಸಸ್ಪೆಂಡ್ ಮಾಡಿದ್ರು, ಯಾರೋ ಮನೆಗೆ ಕೆಂಪು ಪೇಂಟ್ ಎರಚಿದ್ರು. ರಜೆ ಮುಗಿಸಿ ವಾಪಸ್ ಬಂದಾಗ ಪಟ್ಟಿ ಕಟ್ಟಂಗಿರ್ಲಿಲ್ಲವಲ್ಲ, ಅದಕ್ಕೆ ಆ ವರ್ಷ ಪೂರ್ತಿ ಕಪ್ಪು ಬಟ್ಟೇನೇ ಹಾಕ್ಕೊಂಡು ಬಂದ್ಲು. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 1969ರಲ್ಲಿ ಮಕ್ಕಳ ಪರವಾಗೇ ತೀರ್ಪು ಬಂತು.

ಆದ್ರೆ ನನ್ನ ತಲೇಲಿ ಗಟ್ಟಿಯಾಗಿ ಕೂತಿರೋದು ಅಮೆರಿಕದ್ದೇ ಇನ್ನೊಂದು ಊರು, ನ್ಯಾಶ್‌ವಿಲ್‌ನ ಕಥೆ. ಅಲ್ಲಿನ ಅಂಗಡಿಗಳಲ್ಲಿ ಕಪ್ಪು ಜನ ದುಡ್ಡು ಕೊಟ್ಟು ಸಾಮಾನು ತಗೋಬಹುದಿತ್ತು, ಆದ್ರೆ ಅದೇ ಅಂಗಡಿಯ ಊಟದ ಕೌಂಟರ್‌ನಲ್ಲಿ ಕೂರಂಗಿರ್ಲಿಲ್ಲ. ಜೇಮ್ಸ್ ಲಾಸನ್ ಅಂತ ಒಬ್ರು, ಕೊರಿಯಾ ಯುದ್ಧದ ಕಾಲದಲ್ಲಿ ಸೇನೆಗೆ ಸೇರಲ್ಲ ಅಂತ ಜೈಲಿಗೆ ಹೋಗಿ ಬಂದೋರು, ಆಮೇಲೆ ನಮ್ಮ ನಾಗಪುರಕ್ಕೇ ಬಂದು ಪಾಠ ಮಾಡ್ಕೊಂಡು ಗಾಂಧೀಜಿ ಸತ್ಯಾಗ್ರಹಾನ ಓದಿ ತಿಳ್ಕೊಂಡೋರು, ಅವರು 1959ರಲ್ಲಿ ಅಲ್ಲಿನ ಕಾಲೇಜು ಹುಡುಗರನ್ನ ಒಂದು ಚರ್ಚಿನಲ್ಲಿ ಸೇರಿಸಿ ತಾಲೀಮು ಶುರು ಮಾಡಿದ್ರು. ತಾಲೀಮು ಅಂದ್ರೆ ನಿಜವಾಗ್ಲೂ ತಾಲೀಮು. ಕೆಲವರು ಕುರ್ಚಿ ಮೇಲೆ ಕೂರೋದು, ಉಳಿದೋರು ಅವರನ್ನ ಸುತ್ತುವರಿದು ಬಾಯಿಗೆ ಬಂದಂಗೆ ಬೈಯೋದು, ಮುಖಕ್ಕೆ ಸಿಗರೇಟ್ ಹೊಗೆ ಬಿಡೋದು, ಕುರ್ಚಿಯಿಂದ ಕೆಳಗೆಳೆಯೋದು. ಕೂತೋರು ತಿರುಗಿ ಕೈ ಎತ್ತಬಾರದು. ಕೆಳಗೆ ಬಿದ್ರೆ ತಲೇನ ಹೆಂಗೆ ಕಾಪಾಡ್ಕೋಬೇಕು ಅನ್ನೋದನ್ನೂ ಕಲೀಬೇಕು. ಆಮೇಲೆ ಪಾತ್ರ ಅದಲುಬದಲು.

1960ರ ಫೆಬ್ರವರಿಯಲ್ಲಿ ಈ ಹುಡುಗರು ನೀಟಾಗಿ ಡ್ರೆಸ್ ಮಾಡ್ಕೊಂಡು, ಪುಸ್ತಕ ಹಿಡ್ಕೊಂಡು ಹೋಗಿ ಆ ಕೌಂಟರ್‌ಗಳಲ್ಲಿ ಕೂತ್ರು. ಆಗಷ್ಟೇ 20 ತುಂಬಿದ್ದ ಜಾನ್ ಲೂಯಿಸ್ ಎಲ್ಲರಿಗೂ ಹಂಚೋಕೆ ನಿಯಮಗಳ ಒಂದು ಪಟ್ಟಿ ಮಾಡಿದ್ರು: ಬೈದ್ರೆ ತಿರುಗಿ ಬೈಬೇಡಿ, ಹೊಡೆದ್ರೆ ಹೊಡೀಬೇಡಿ, ನೆಟ್ಟಗೆ ಕೂತ್ಕೊಳ್ಳಿ, ಮುಖ ಕೌಂಟರ್ ಕಡೆಗೇ ಇರ್ಲಿ. ಫೆಬ್ರವರಿ 27ಕ್ಕೆ ಗುಂಪು ಬಂದು ಚೆನ್ನಾಗಿ ಹೊಡೀತು, ಪೊಲೀಸರು ಅರೆಸ್ಟ್ ಮಾಡಿದ್ದು ಹೊಡೆದೋರನ್ನಲ್ಲ, ಕೂತಿದ್ದ ಹುಡುಗರನ್ನ, 81 ಜನರನ್ನ. ಏಪ್ರಿಲ್‌ನಲ್ಲಿ ಅವರ ವಕೀಲರ ಮನೆಗೇ ಬಾಂಬ್ ಬಿತ್ತು. ಅವತ್ತೇ ಸಾವಿರಾರು ಜನ ಒಂದು ಮಾತೂ ಆಡದೆ ನಡ್ಕೊಂಡು ಸಿಟಿ ಹಾಲ್‌ಗೆ ಹೋದ್ರು. ಅಲ್ಲಿ ಮೆಟ್ಟಿಲ ಮೇಲೆ ಡಯೇನ್ ನ್ಯಾಶ್ ಅನ್ನೋ 21ರ ಹುಡುಗಿ ಮೇಯರ್ ಮುಂದೆ ನಿಂತು, ಬರೀ ಬಣ್ಣ ನೋಡಿ ಮನುಷ್ಯರನ್ನ ದೂರ ಇಡೋದು ತಪ್ಪು ಅಂತ ನಿಮಗೆ ಅನ್ಸುತ್ತಾ ಅಂತ ನೇರವಾಗಿ ಕೇಳಿದ್ರು. ಹೌದು, ತಪ್ಪು ಅಂತ ಅವರು ಒಪ್ಕೊಂಡ್ರು. ಮೂರು ವಾರಕ್ಕೆ, ಮೇ 10ಕ್ಕೆ, ಆ ಕೌಂಟರ್‌ಗಳು ಎಲ್ಲರಿಗೂ ತೆರೆದವು. ಬಳೆ ಮಾತು ಆಡೋರಿಗೆ ನಾನು ಈಗ ಈ ಒಂದು ಮಧ್ಯಾಹ್ನದ ಕಥೆ ಹೇಳ್ತೀನಿ.

ಹೋದ ತಿಂಗಳು ನಾವು ನಾಲ್ಕು ಜನ ಫ್ರೆಂಡ್ಸ್ ರೂಮಲ್ಲಿ ಇದನ್ನೇ ಮಾಡಿ ನೋಡಿದ್ವಿ. ಕುರ್ಚಿ ಮೇಲೆ ನಾನು. ಬೈಗುಳ ತಡ್ಕೊಂಡೆ. ಕುರ್ಚಿ ಅಲ್ಲಾಡ್ಸಿದ್ರೂ ತಡ್ಕೊಂಡೆ. ಒಬ್ಬ ಹಿಂದಿನಿಂದ ಬಂದು ಕುತ್ತಿಗೆ ಮೇಲೆ ತಣ್ಣೀರು ಸುರಿದ, ಕಾಲರ್ ಒಳಗಿಂದ ಬೆನ್ನಿಗೆ ಇಳೀತು, ಅಷ್ಟೇ, ಎದ್ದು ಅವನ ಶರ್ಟ್ ಹಿಡ್ಕೊಂಡಿದ್ದೆ. ಎರಡು ನಿಮಿಷಾನೂ ಆಗಿರ್ಲಿಲ್ಲ. ಅವನು ನನ್ನ ಬೆಸ್ಟ್ ಫ್ರೆಂಡ್. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಆ ಹುಡುಗರು ಗಂಟೆಗಟ್ಟಲೆ ಕೂತಿದ್ರಲ್ಲ, ನಿಜವಾದ ದ್ವೇಷದ ಮುಂದೆ, ಅದು ಎಂಥಾ ಶಕ್ತಿ ಇರಬೇಕು ಅಂತ ಆಗ ಅರ್ಥ ಆಯ್ತು. ಸೈನಿಕನಿಗೆ ವರ್ಷಗಟ್ಟಲೆ ಡ್ರಿಲ್ ಮಾಡಿಸ್ತೀವಿ, ಶಾಂತಿ ಬೇಕು ಅನ್ನೋನಿಗೆ ಮಾತ್ರ ಹುಟ್ಟುತ್ತಲೇ ಬಂದಿರಬೇಕು ಅಂದ್ಕೋತೀವಿ, ಇದು ಯಾವ ನ್ಯಾಯ?

ಹಿಟ್ಲರ್ ಎದುರಿಗೆ ಏನ್ ಮಾಡ್ತಿದ್ದೆ ಅಂತ ಎಲ್ಲರೂ ಕೇಳ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು, ನನ್ನನ್ನೂ ಕಾಡುತ್ತೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಹಿಟ್ಲರ್ ವಿರುದ್ಧ ಕರಪತ್ರ ಹಂಚಿದ ಸೋಫಿ ಶೋಲ್‌ನ 1943ರಲ್ಲಿ ಕೊಂದೇಬಿಟ್ರು, ಅವಳಿಗೂ 21 ವರ್ಷ. ಅದೇ ವರ್ಷ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಜನ ಸುಮಾರು 7,000 ಯಹೂದಿಗಳನ್ನ ದೋಣೀಲಿ ಸ್ವೀಡನ್‌ಗೆ ದಾಟಿಸಿದ್ರು. ಒಂದು ಕಡೆ ಸೋಲು, ಒಂದು ಕಡೆ ಗೆಲುವು, ಎರಡನ್ನೂ ಎದುರಿಗಿಟ್ಕೊಂಡೇ ನಾನು ಮಾತಾಡ್ಬೇಕು. ಅಹಿಂಸೆಯಲ್ಲಿ ಜೀವ ಹೋಗಲ್ಲ ಅಂತ ನಾನು ಯಾರಿಗೂ ಹೇಳಲ್ಲ. ಬೇರೆಯೋರ ಜೀವ ತೆಗೆಯೋ ಕೆಲಸಕ್ಕೆ ನನ್ನ ಕೈ ಕೊಡಲ್ಲ ಅಂತಷ್ಟೇ ಹೇಳ್ತೀನಿ.

ಈ ಭಾನುವಾರ ಮತ್ತೆ ನಾವು ನಾಲ್ವರು ಸೇರ್ತಾ ಇದೀವಿ. ಈ ಸಲ ಕುರ್ಚಿ ಮೇಲೆ ಅವತ್ತು ನೀರು ಸುರಿದ ಆ ಫ್ರೆಂಡ್, ಬೈಯೋ ಸರದಿ ನಂದು. ನೀರಿನ ಚೊಂಬು ನನ್ನ ಕೈಲಿರುತ್ತೆ. ನಿಜ ಹೇಳ್ಬೇಕು ಅಂದ್ರೆ ಕುರ್ಚಿಗಿಂತ ಅದಕ್ಕೇ ನಂಗೆ ಜಾಸ್ತಿ ಭಯ ಆಗ್ತಿದೆ.

ನಮಸ್ಕಾರ.