ಸೈಕಲ್ ಟ್ಯೂಬು, ಗಾಜ್, ಕೋಳಿ ಚರ್ಮ: ನನ್ನ ಲ್ಯಾಪ್ ಡಬ್ಬಿ

ಬಳ್ಳಾರಿ. ಹಾಸ್ಟೆಲ್ ರೂಮು, ರಾತ್ರಿ ಹತ್ತೂವರೆ. ಮೇಜಿನ ಮೇಲಿರುವ ಈ ಪ್ಲಾಸ್ಟಿಕ್ ಡಬ್ಬಿ ಕೌಲ್ ಬಜಾರಿನಲ್ಲಿ ತಂದಿದ್ದು, ಬಟ್ಟೆ ಇಡುವಂಥದ್ದು. ಸರ್ಜರಿ ಪಿಜಿಗಳಾದ ನಾವು ಲ್ಯಾಪ್, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ನೋಡಿಕೊಂಡು ಮಾಡುವ ಲ್ಯಾಪರೊಸ್ಕೋಪಿ ಆಪರೇಷನ್, ಕಲಿಯುವುದು ಇದರಲ್ಲೇ.

ಮುಚ್ಚಳಕ್ಕೆ ಎರಡು ತೂತು. ಸುತ್ತ ಸೈಕಲ್ ಟ್ಯೂಬಿನ ತುಂಡು, ಪಂಕ್ಚರ್ ಅಂಗಡಿಯ ಅಣ್ಣ ಸುಮ್ನೆ ಕೊಟ್ಟರು. ಈ ರಬ್ಬರ್ ಬೇಕೇ ಬೇಕು. ಹೊಟ್ಟೆಯ ಗೋಡೆ ಗ್ರಾಸ್ಪರನ್ನು (ಒಳಗೆ ಹಿಡಿಯುವ ಉದ್ದನೆಯ ಇಕ್ಕಳ) ಬಿಗಿಯಾಗಿ ಹಿಡಿದಿರುತ್ತದೆ, ಬರೀ ತೂತಾದರೆ ಅದು ಲೊಡಲೊಡ ಅಲ್ಲಾಡುತ್ತದೆ, ಕೈ ಬಲಕ್ಕೆ ಹೋದರೆ ಒಳಗಿನ ತುದಿ ಎಡಕ್ಕೆ ಹೋಗುವ ಆ ಉಲ್ಟಾ ಲೆಕ್ಕ ಮೈಗೂಡುವುದೇ ಇಲ್ಲ. ಕ್ಯಾಮೆರಾಗೆ ಫೋನ್ ಸಾಕು, ಅದರ ಪರದೆಯನ್ನೇ ನೋಡಿ. ವೈಫೈನಲ್ಲಿ ಟಿವಿಗೆ ಹಾಕಬೇಡಿ, ಚಿತ್ರ ತಡವಾಗಿ ಬರುತ್ತದೆ. ಗ್ರಾಸ್ಪರ್, ಕತ್ತರಿ ಎಲ್ಲ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಇನ್ನು ಬೇಡ ಅಂತ ಕಂಡೆಮ್ ಆದವು, ಕೇಳಿ ತಂದಿದ್ದೇವೆ.

ಲ್ಯಾಪ್‌ನ ಮೂಲ ಕೈಚಳಕ ನೋಡುವ ಅಮೆರಿಕದ ಎಫ್‌ಎಲ್‌ಎಸ್ ಪರೀಕ್ಷೆಯಲ್ಲಿ 5 ಕೆಲಸಗಳಿವೆ. ಮೊದಲನೆಯದು 6 ರಬ್ಬರ್ ತುಂಡುಗಳನ್ನು ಗೂಟದಿಂದ ಗೂಟಕ್ಕೆ ಹಾಕುವುದು, ಮತ್ತೆ ವಾಪಸ್ ತರುವುದು, ಎಲ್ಲ 300 ಸೆಕೆಂಡಿನೊಳಗೆ. ನಮ್ಮಲ್ಲಿ ಥರ್ಮಕೋಲಿಗೆ ಚುಚ್ಚಿದ ಮೊಳೆ, ಹಳೇ ಡ್ರಿಪ್ ಪೈಪಿನ ಚೂರು. ಅಷ್ಟೇ.

ಎರಡನೆಯದು ಕತ್ತರಿ ಕೆಲಸ, ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಕತ್ತರಿಸುವುದು. ನಮ್ಮದು ಜೀನ್ಸ್ ಊರಲ್ವಾ, ಹೊಲಿಗೆ ಮನೆಗಳಲ್ಲಿ ಕೇಳಿದರೆ ತುಂಡುಬಟ್ಟೆ ಚೀಲಗಟ್ಟಲೆ ಸಿಗುತ್ತದೆ. ಖುಷಿಯಿಂದ ತಂದೆ, ಆದರೆ ಅದು ಆಗಲಿಲ್ಲ. ಜೀನ್ಸ್ ದಪ್ಪ, ಯಾರೂ ಹಿಡಿಯದಿದ್ದರೂ ನೆಟ್ಟಗೆ ನಿಲ್ಲುತ್ತದೆ. ಗಾಜ್ ಹಾಗಲ್ಲ. ಎಡಗೈ ಹದವಾಗಿ ಎಳೆದು ಹಿಡಿಯದಿದ್ದರೆ ಕತ್ತರಿ ಬಾಯಲ್ಲಿ ಮುದುಡಿಕೊಳ್ಳುತ್ತದೆ. ಮೇಲೆ ಪೆನ್ನಿನಲ್ಲಿ ಬರೆದ ವೃತ್ತ ಕತ್ತರಿಸುವುದು ಬಲಗೈ, ಆದರೆ ಪಾಠ ಪೂರ್ತಿ ಎಡಗೈಗೆ. ಒರಟು ಕೈಗೆ ತಕ್ಷಣ ತಪ್ಪು ತೋರಿಸುವ ವಸ್ತುವೇ ನಮಗೆ ಬೇಕು, ಬೆಲೆ ಆಮೇಲಿನ ಮಾತು.

ಅದಕ್ಕೇ ನನಗೆ ಕೋಳಿ ತೊಡೆ ಅಂದರೆ ಅಷ್ಟು ಇಷ್ಟ. ಅಂಗಡಿಯಲ್ಲಿ ಚರ್ಮ ಸುಲಿದುಬಿಡುತ್ತಾರೆ, "ಅಣ್ಣಾ, ಚರ್ಮ ಇರಲಿ" ಅಂತ ಮೊದಲೇ ಹೇಳಬೇಕು. ಇಲ್ಲಿ ನೋಡಿ, ಹತ್ತಿರದಿಂದ ತೋರಿಸುತ್ತೇನೆ. ಚರ್ಮಕ್ಕೂ ಮಾಂಸಕ್ಕೂ ನಡುವೆ ಜೇಡರ ಬಲೆಯಂಥ ಬಿಳಿ ಪೊರೆ. ಎಡಗೈ ಮೆಲ್ಲಗೆ ಎತ್ತಿದರೆ ಅದು ಬಿಚ್ಚಿಕೊಂಡು ನಿಲ್ಲುತ್ತದೆ, ಕತ್ತರಿಸಬೇಕಾದ ಜಾಗ ತಾನೇ ಕಾಣುತ್ತದೆ. ಜಾಸ್ತಿ ಎಳೆದರೆ ಚರ್ಮ ಹರಿಯಿತು. ಲಿವರಿನಿಂದ ಪಿತ್ತಕೋಶ ಬಿಡಿಸುವಾಗ ಬೇಕಾಗುವುದು ಇದೇ ಕೈ, ಅಲ್ಲಿ ಹರಿದರೆ ಪಿತ್ತರಸ ಹೊಟ್ಟೆಯೊಳಗೆ ಚೆಲ್ಲುತ್ತದೆ. ಮೊದಲ ವರ್ಷ ಓಟಿಯಲ್ಲಿ ಗ್ರಾಸ್ಪರ್ ಕೈಗೆ ಬಂದಾಗ ನಾನು ಹೀಗೇ ಜಗ್ಗಿದ್ದೆ. ಸರ್ ತಕ್ಷಣ ನನ್ನ ಕೈ ಹಿಡಿದು ನಿಲ್ಲಿಸಿದರು. ಆ ರಾತ್ರಿ ನಿದ್ದೆ ಬರಲಿಲ್ಲ, ಮಾರನೇ ದಿನವೇ ಈ ಡಬ್ಬಿ ತಂದೆ.

ಒಂದು ಮಾತು, ಮಾಂಸಕ್ಕೆ ಬಳಸಿದ ಉಪಕರಣ ಎಷ್ಟೇ ತೊಳೆದರೂ ಓಟಿಗೆ ವಾಪಸ್ ಹೋಗಕೂಡದು.

ಈಗ ಗ್ಲೌಸಿನ ಬೆರಳಿಗೆ ಹೊಲಿಗೆ. ಮೊದಲು ಎರಡು ಸುತ್ತಿನ ಗಂಟು, ಆಮೇಲೆ ಒಂದೊಂದು ಸುತ್ತಿನ ಎರಡು. ವಿಡಿಯೊ ಎಡಿಟ್ ಮಾಡದೆ ಪೂರ್ತಿ ಹಾಕಿದ್ದೇನೆ, ಸೂಜಿ ಜಾರುವುದನ್ನೂ ನೋಡಿ.